ಎಂಜಿನ್ (ಟೇಬಲ್‌ನ ಡೇಟಾ ಇಡುವ ವ್ಯವಸ್ಥೆ) ಇನ್ನೋಡಿಬಿ ಅಂತ ಕೊಟ್ಟರೂ ರೋಲ್‌ಬ್ಯಾಕ್ (ಬರೆದದ್ದನ್ನು ವಾಪಸ್ ಪಡೆಯುವುದು) ಅರ್ಧಂಬರ್ಧ ಆಗುತ್ತಿದೆ, ಯಾಕೆ?

ಪ್ರಶ್ನೆ:
ಡೇಟಾಬೇಸ್ ಮೈಎಸ್‌ಕ್ಯುಎಲ್ 5.7, ಅದರ ಮೇಲೆ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೊ. ಡೇಟಾಬೇಸ್ ಹಳೆಯ ಸರ್ವರ್‌ನ ಡಂಪ್‌ನಿಂದ (ಪೂರ್ತಿ ಡೇಟಾಬೇಸನ್ನು ಫೈಲ್‌ಗೆ ಇಳಿಸಿದ ನಕಲು) ಬಂದದ್ದು. ಆರ್ಡರ್ ಸೇವ್ ಮಾಡುವ ಕೋಡ್ ಪೂರ್ತಿ ಅಟಾಮಿಕ್ ಬ್ಲಾಕ್ (ಆದರೆ ಎಲ್ಲವೂ ಆಗಬೇಕು, ಇಲ್ಲದಿದ್ದರೆ ಯಾವುದೂ ಬೇಡ) ಒಳಗೇ ಇದೆ. ಮಧ್ಯೆ ಎರರ್ ಬಂದರೆ ಐಟಂ ಸಾಲುಗಳು ವಾಪಸ್ ಹೋಗುತ್ತವೆ, ಆರ್ಡರ್ ಸಾಲು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಸೆಟ್ಟಿಂಗ್ಸ್‌ನಲ್ಲಿ ಇನಿಟ್ ಕಮಾಂಡ್ (ಕನೆಕ್ಷನ್ ತೆರೆದ ಕೂಡಲೇ ಓಡುವ ಆದೇಶ) ಕೊಟ್ಟು ಡೀಫಾಲ್ಟ್ ಎಂಜಿನ್ ಇನ್ನೋಡಿಬಿ ಮಾಡಿದ್ದೇನೆ. ಐಟಂ ಟೇಬಲ್ ಈಚೆಗೆ ಸೇರಿಸಿದ್ದು. ಅದನ್ನು ಆರ್ಡರ್ ಟೇಬಲ್‌ಗೆ ಜೋಡಿಸುವ ಫಾರಿನ್ ಕೀಗೆ 1215 ಎರರ್ (ಫಾರಿನ್ ಕೀ ಸೇರಿಸಲಾಗದು) ಬರುತ್ತಿತ್ತು, ಹಾಗಾಗಿ ಡೇಟಾಬೇಸ್‌ನಲ್ಲಿ ಕನ್‌ಸ್ಟ್ರೇಂಟ್ (ಆ ಜೋಡಣೆಯ ಕಟ್ಟುಪಾಡು) ಬೇಡ ಅಂತ ಫಾಲ್ಸ್ ಕೊಟ್ಟಿದ್ದೇನೆ.

ಉತ್ತರ 1:
ಇನ್ಫರ್ಮೇಷನ್ ಸ್ಕೀಮಾದ (ಟೇಬಲ್‌ಗಳ ವಿವರ ಇರುವ ಜಾಗ) ಟೇಬಲ್ಸ್‌ನಲ್ಲಿ ಎಂಜಿನ್ ಕಾಲಂ ನೋಡಿ. ಆರ್ಡರ್ ಟೇಬಲ್‌ನ ಎಂಜಿನ್ ಹಳೆಯ ಮೈಐಸ್ಯಾಮ್ ಇರುತ್ತೆ, ಬೆಟ್ಟು ಕಟ್ಟುತ್ತೇನೆ.

ಉತ್ತರ 2:
ಹೌದು, ಅದೇ ಇರಬೇಕು. 1215ಕ್ಕೆ ಕಾಲಂ ಟೈಪ್ ಹೊಂದದಿರುವುದೂ ಕಾರಣ ಆಗಬಹುದು. ಆದರೆ ರೋಲ್‌ಬ್ಯಾಕ್ ಹೀಗೆ ಕೈಕೊಡುತ್ತಿದೆ ಅಂದರೆ ಅನುಮಾನ ಎಂಜಿನ್ ಮೇಲೇ. ಮೈಐಸ್ಯಾಮ್‌ಗೆ ಟ್ರಾನ್ಸಾಕ್ಷನ್ (ಹಲವು ಬರಹಗಳನ್ನು ಒಂದೇ ಕಟ್ಟಾಗಿ ಉಳಿಸುವುದು ಅಥವಾ ರದ್ದು ಮಾಡುವುದು) ಗೊತ್ತಿಲ್ಲ. ಬರೆದದ್ದು ಬರೆದದ್ದೇ.

ನಿಮ್ಮ ಇನಿಟ್ ಕಮಾಂಡ್ ಹೊಸದಾಗಿ ಹುಟ್ಟುವ ಟೇಬಲ್‌ಗೆ ಮಾತ್ರ, ಅದೂ ಕ್ರಿಯೇಟ್ ಸಾಲಿನಲ್ಲಿ ಎಂಜಿನ್ ಹೆಸರು ಇಲ್ಲದಿದ್ದರೆ. ಡಂಪ್ ಫೈಲ್‌ನಲ್ಲಿ ಪ್ರತಿ ಟೇಬಲ್‌ನ ಕೊನೆಗೂ ಎಂಜಿನ್ ಹೆಸರು ಬರೆದಿರುತ್ತದೆ, ಅಲ್ವಾ? ಡೀಫಾಲ್ಟನ್ನು ಯಾರೂ ಕೇಳುವುದೇ ಇಲ್ಲ. ಅಷ್ಟಕ್ಕೂ ಮೈಎಸ್‌ಕ್ಯುಎಲ್ 5.5.5ರಿಂದ ಡೀಫಾಲ್ಟ್ ಇನ್ನೋಡಿಬಿಯೇ. ಆ ಸಾಲು ಕನೆಕ್ಷನ್ ತೆರೆದಾಗಲೆಲ್ಲ ಸುಮ್ನೆ ಓಡುತ್ತದೆ, ತೆಗೆದುಬಿಡಿ.

ನನಗೆ ಸಿಟ್ಟು ಬರಿಸುವುದು ಜಾಂಗೊ ನಡೆ. ಡೇಟಾಬೇಸ್‌ಗೆ ಟ್ರಾನ್ಸಾಕ್ಷನ್ ಬರುತ್ತಾ ಅಂತ ತಿಳಿಯಲು ಅದು ಡೀಫಾಲ್ಟ್ ಎಂಜಿನ್ ಯಾವುದು ಅಂತ ಮಾತ್ರ ನೋಡುತ್ತದೆ, ಒಂದೊಂದು ಟೇಬಲ್ ಅಲ್ಲ. ಟೆಸ್ಟ್ ಡೇಟಾಬೇಸ್‌ನಲ್ಲಿ ಟೇಬಲ್‌ಗಳೆಲ್ಲ ಹೊಸದು, ಎಲ್ಲಾ ಇನ್ನೋಡಿಬಿ. ಹಾಗಾಗಿ ಟೆಸ್ಟ್ ಪಾಸ್, ಪ್ರೊಡಕ್ಷನ್‌ನಲ್ಲಿ ಫಜೀತಿ.

ಜಾಂಗೊ ಮಾಡೆಲ್‌ನ (ಟೇಬಲ್ ವಿವರಿಸುವ ಕ್ಲಾಸ್) ಮೆಟಾ ಸೆಟ್ಟಿಂಗ್‌ಗಳಲ್ಲಿ ಎಂಜಿನ್ ಹೇಳಲು ಜಾಗವಿಲ್ಲ. ನೇರ ಎಸ್‌ಕ್ಯುಎಲ್ ಓಡಿಸುವ ರನ್‌ಎಸ್‌ಕ್ಯುಎಲ್ ಮೈಗ್ರೇಷನ್ ಬರೆದು ಆಲ್ಟರ್ ಟೇಬಲ್‌ನಿಂದ ಬದಲಿಸಿ. ಟೇಬಲ್ ಪೂರ್ತಿ ನಕಲಾಗುತ್ತದೆ, ಅಲ್ಲಿವರೆಗೆ ಬರೆಯುವವರೆಲ್ಲ ಕಾಯಬೇಕು. ಜನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ, ಬ್ಯಾಕಪ್ ಇರಲಿ.

ಪ್ರಶ್ನೆ ಕೇಳಿದವರು:
ಆರ್ಡರ್ ಅಷ್ಟೇ ಅಲ್ಲ, ಡಂಪ್‌ನಿಂದ ಬಂದ ಎಲ್ಲವೂ ಮೈಐಸ್ಯಾಮ್! ಟೆಸ್ಟ್ ಸರ್ವರ್‌ನಲ್ಲಿ ಬದಲಿಸಿದೆ. ಈಗ ಕನ್‌ಸ್ಟ್ರೇಂಟ್ ವಾಪಸ್ ಹಾಕಿದರೆ 1452 ಎರರ್.

ಉತ್ತರ 2:
ಅಪ್ಪ ಇಲ್ಲದ ಐಟಂಗಳು, ಅಂದರೆ ತಮ್ಮ ಆರ್ಡರ್ ಸಾಲೇ ಇಲ್ಲದವು, ಉಳಿದಿವೆ. ಆರ್ಡರ್ ಡಿಲೀಟ್ ಮಾಡುವಾಗ ಎರರ್ ಬಂದಿದ್ದರೆ ಐಟಂ ಮಾತ್ರ ವಾಪಸ್ ಬಂದಿರುತ್ತವೆ, ಆರ್ಡರ್ ಹೋಗಿಯೇ ಇರುತ್ತದೆ. ಲೆಫ್ಟ್ ಜಾಯಿನ್ (ಜೋಡಿ ಸಿಗದ ಸಾಲನ್ನೂ ತೋರಿಸುವ ಕ್ವೆರಿ) ಹಾಕಿ ಹುಡುಕಿ, ಬೇರೆ ಟೇಬಲ್‌ಗೆ ಎತ್ತಿಟ್ಟು ಆಮೇಲೆ ಅಳಿಸಿ. ಐಟಂ ಇಲ್ಲದ ಆರ್ಡರ್‌ಗಳನ್ನೂ ನೋಡಿ, ಅವಕ್ಕೆ ಯಾವ ಎರರೂ ಬರಲ್ಲ.

ಉತ್ತರ 3:
ಜಾಂಗೊ ಬದಲು ಎಸ್‌ಕ್ಯುಎಲ್‌ಆಲ್ಕೆಮಿ (ಪೈಥಾನ್‌ನ ಇನ್ನೊಂದು ಡೇಟಾಬೇಸ್ ಲೈಬ್ರರಿ) ಬಳಸುವವರಿಗೆ: ಟೇಬಲ್ ಆರ್ಗ್ಸ್‌ನಲ್ಲಿ ಎಂಜಿನ್ ಹೆಸರು ಕೊಡಬಹುದು. ಆದರೆ ಅದೂ ಟೇಬಲ್ ಸೃಷ್ಟಿಯಾಗುವಾಗ ಮಾತ್ರ, ಇರುವ ಟೇಬಲನ್ನು ಮುಟ್ಟಲ್ಲ. ಇನ್ನೊಂದು, ಮೈಎಸ್‌ಕ್ಯುಎಲ್ 5.7.8ರಿಂದ ಸರ್ವರ್‌ನಲ್ಲೇ ಡಿಸೇಬಲ್ಡ್ ಸ್ಟೋರೇಜ್ ಎಂಜಿನ್ಸ್ ಅಂತ ಸೆಟ್ಟಿಂಗ್ ಇದೆ. ಅದಕ್ಕೆ ಮೈಐಸ್ಯಾಮ್ ಸೇರಿಸಿದರೆ ಮುಂದಿನ ಡಂಪ್ ಸದ್ದಿಲ್ಲದೆ ಒಳಗೆ ಬರಲ್ಲ.