ಎಲೆಕ್ಟ್ರಾನ್, ಪಾಸಿಟ್ರಾನ್ ಸೇರಿದರೆ ಉಳಿಯೋದು ‘ಶುದ್ಧ ಶಕ್ತಿ’ನಾ?

ಪಿಯುಸಿ ಮೇಷ್ಟ್ರು:
ಮೊನ್ನೆ ಕ್ಲಾಸಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ (ಎಲೆಕ್ಟ್ರಾನಿನಷ್ಟೇ ದ್ರವ್ಯರಾಶಿ, ಆದರೆ ಧನ ವಿದ್ಯುತ್ ಇರೋ ಅದರ ಪ್ರತಿಕಣ) ಸೇರಿದರೆ ಎರಡೂ ಮಾಯವಾಗಿ ಶುದ್ಧ ಶಕ್ತಿ ಆಗುತ್ತೆ ಅಂದೆ. ಇಪ್ಪತ್ತು ವರ್ಷದಿಂದ ಹೀಗೇ ಹೇಳಿಕೊಂಡು ಬಂದಿದ್ದೇನೆ. ಹಿಂದಿನ ಬೆಂಚಿನ ಹುಡುಗಿ ಎದ್ದು, “ಸಾರ್, ಆ ಶಕ್ತಿ ಹೇಗಿರುತ್ತೆ?” ಅಂದಳು. ಬೆಳಕಿನ ಥರ, ಗಾಮಾ ಕಿರಣ ಅಂದೆ. “ಹಾಗಾದ್ರೆ ಗಾಮಾ ಕಿರಣ ಅಂತಲೇ ಹೇಳಬಹುದಲ್ಲ ಸಾರ್?” ಅಷ್ಟರಲ್ಲಿ ಬೆಲ್ ಹೊಡೀತು, ಬಚಾವಾದೆ. ನನ್ನ ಮಾತು ನಿಜಕ್ಕೂ ತಪ್ಪಾ?

ಗಾಮಾ ಗುಂಡಣ್ಣ:
ಹುಡುಗಿ ಸರಿಯಾಗಿಯೇ ಹಿಡಿದಿದ್ದಾಳೆ ಸಾರ್. ಅಂಗಡಿಗೆ ಹೋಗಿ “ಎರಡು ಕೆಜಿ ಕೊಡಿ” ಅಂದರೆ “ಏನು ಎರಡು ಕೆಜಿ?” ಅಂತ ಕೇಳ್ತಾರೆ. “ಏನೂ ಬೇಡ, ಶುದ್ಧ ಎರಡು ಕೆಜಿ ಕೊಡಿ” ಅಂದರೆ ಮೇಲಿಂದ ಕೆಳಗೆ ನೋಡ್ತಾರೆ, ಅಲ್ವಾ? ಶಕ್ತಿನೂ ಹಾಗೆ, ಯಾವುದೋ ಒಂದರ ಲೆಕ್ಕ ಅದು. ಲೆಕ್ಕ ಒಂದೇ ಎದ್ದು ಓಡಾಡೋದಿಲ್ಲ.

ಸುಮ್ನೆ ಕೇಳ್ದೆ:
ಇದು ಬರೀ ಪದದ ಜಗಳ ಅನಿಸುತ್ತೆ. ಫೋಟಾನ್‌ಗೆ, ಅಂದರೆ ಬೆಳಕಿನ ಅಥವಾ ಗಾಮಾ ಕಿರಣದ ಕಣಕ್ಕೆ, ದ್ರವ್ಯರಾಶಿ ಇಲ್ಲ, ಇರೋದು ಶಕ್ತಿ ಮಾತ್ರ. ಅದನ್ನ ಶುದ್ಧ ಶಕ್ತಿ ಅಂದರೆ ಯಾರ ಗಂಟು ಹೋಗುತ್ತೆ?

ಗಾಮಾ ಗುಂಡಣ್ಣ:
“ಶಕ್ತಿ ಮಾತ್ರ” ಅನ್ನೋದೇ ತಪ್ಪು. ಫೋಟಾನ್‌ಗೆ ಸಂವೇಗ ಇದೆ (ಬಡಿದರೆ ತಳ್ಳುತ್ತೆ), ಸ್ಪಿನ್ ಇದೆ (ಬುಗುರಿ ತಿರುಗಿದ ಹಾಗೆ ಕಣಕ್ಕಿರೋ ಒಂದು ಗುಣ), ಧ್ರುವೀಕರಣ ಇದೆ (ಬೆಳಕಿನ ಅಲೆ ಯಾವ ದಿಕ್ಕಿಗೆ ಅಲುಗುತ್ತೆ ಅನ್ನೋದು). ಇನ್ನು ಅದರ ಶಕ್ತಿ ಎಷ್ಟು ಅಂದರೆ, ನೀವು ಅದಕ್ಕೆ ಎದುರಾಗಿ ಓಡಿದರೆ ಜಾಸ್ತಿ, ಬೆನ್ನು ತೋರಿಸಿ ಓಡಿದರೆ ಕಮ್ಮಿ. ನೋಡೋನ ಓಟಕ್ಕೆ ತಕ್ಕ ಹಾಗೆ ಏರಿ ಇಳಿಯೋದನ್ನ ಫೋಟಾನಿನ ಒಳಗಿನ ಸರಕು ಅನ್ನೋಕಾಗುತ್ತಾ?

ರಾತ್ರಿಪಾಳಿ ರಮ್ಯಾ:
ನನ್ನ ದಿನಗೂಲಿ ಇದೇ, ಆಸ್ಪತ್ರೆಯ ಪೆಟ್ ಸ್ಕ್ಯಾನ್ (ಪಾಸಿಟ್ರಾನ್ ಬಳಸಿ ದೇಹದೊಳಗಿನ ಚಿತ್ರ ತೆಗೆಯೋದು) ವಿಭಾಗದಲ್ಲಿ ಕೆಲಸ. ಸಕ್ಕರೆಯಂಥ ಒಂದು ಔಷಧಕ್ಕೆ ಪಾಸಿಟ್ರಾನ್ ಹೊರಬಿಡೋ ಫ್ಲೋರಿನ್-18 ಅಂಟಿಸಿ ಚುಚ್ಚುತ್ತೇವೆ. 110 ನಿಮಿಷಕ್ಕೆ ಅರ್ಧ ಕರಗಿ ಹೋಗುತ್ತೆ, ಹಾಗಾಗಿ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡೆ ಅಂತ ಪೇಷಂಟ್ ಫೋನ್ ಮಾಡಿದರೆ ನಮಗೆ ಎದೆ ಢವಢವ. ಚುಚ್ಚಿದ ಮೇಲೆ ಒಂದು ಗಂಟೆ ಮಾತಾಡದೆ, ಮೊಬೈಲ್ ನೋಡದೆ ಸುಮ್ಮನೆ ಮಲಗಿರಬೇಕು. ಒಳಗೆ ಪಾಸಿಟ್ರಾನ್ ಹೊರಟು, ಒಂದೆರಡು ಮಿಲಿಮೀಟರ್ ಹೋಗೋದರೊಳಗೆ ಎಲೆಕ್ಟ್ರಾನ್ ಸಿಕ್ಕಿ ಮುಗಿಯುತ್ತೆ. ಆಗ ಎರಡು ಫೋಟಾನ್, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯೋ ಮಾನ), ಹೆಚ್ಚುಕಮ್ಮಿ ನೇರ ವಿರುದ್ಧ ದಿಕ್ಕಿಗೆ ಹೊರಡುತ್ತವೆ. ಸುತ್ತ ಇರೋ ಬಳೆಯಂಥ ಡಿಟೆಕ್ಟರಿನ ಎರಡು ಕಡೆ ಒಟ್ಟಿಗೆ ಬಡಿದರೆ, ಅವು ಹೊರಟ ಜಾಗ ಆ ಎರಡು ಕಡೆಯನ್ನೂ ಸೇರಿಸೋ ಗೆರೆ ಮೇಲೆಲ್ಲೋ ಇದೆ ಅಂತ ಮೆಷಿನ್ನಿಗೆ ಗೊತ್ತಾಗುತ್ತೆ.

ಈಗ ಸುಮ್ನೆ ಕೇಳ್ದೆ ಅವರೇ, ಉಳಿಯೋದು ಬರೀ ಶಕ್ತಿ ಆಗಿದ್ದರೆ ಎರಡರ ಮೊತ್ತ 1022 ಕಿಲೋ ಎಲೆಕ್ಟ್ರಾನ್ ವೋಲ್ಟ್ ಇರೋ ಒಂದೇ ಫೋಟಾನ್ ಸಾಕಿತ್ತಲ್ಲ, ಎರಡು ಯಾಕೆ?

ಸುಮ್ನೆ ಕೇಳ್ದೆ:
ಸಂವೇಗ ಸರಿಹೋಗಬೇಕು, ಅದಕ್ಕೆ. ನಿಂತಿದ್ದ ಜೋಡಿಯಿಂದ ಒಂದೇ ಫೋಟಾನ್ ಒಂದು ಕಡೆ ಓಡಿಹೋದರೆ ಲೆಕ್ಕ ತಪ್ಪುತ್ತೆ. ಸರಿ ಮೇಡಂ, ಇದನ್ನ ಒಪ್ಪಿದೆ. ಆದರೆ ಅಣುಬಾಂಬಲ್ಲಿ ದ್ರವ್ಯವೇ ಶಕ್ತಿಯಾಗೋದು, ಅದು ಸುಳ್ಳಾ?

ಗಾಮಾ ಗುಂಡಣ್ಣ:
ಯುರೇನಿಯಂ-235 ಒಂದು ನ್ಯೂಟ್ರಾನ್ ನುಂಗಿ ಒಡೆಯುತ್ತೆ. ಒಡೆಯೋ ಮುಂಚೆ ಪ್ರೋಟಾನ್, ನ್ಯೂಟ್ರಾನ್ ಒಟ್ಟು 236. ಒಡೆದ ತಕ್ಷಣ ತುಂಡುಗಳನ್ನೂ ಹಾರಿದ ನ್ಯೂಟ್ರಾನುಗಳನ್ನೂ ಎಣಿಸಿ, ಅದೇ 236. ಒಂದೂ ಸುಟ್ಟು ಬೂದಿಯಾಗಿಲ್ಲ. ಬಂದ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಲ್ಲಿ ಬಹುಪಾಲು ಆ ಎರಡು ದೊಡ್ಡ ತುಂಡುಗಳ ಓಟ, ಅಷ್ಟೇ. ಪ್ರೋಟಾನ್ ಮತ್ತು ಅದರ ಪ್ರತಿಕಣ ಪ್ರತಿಪ್ರೋಟಾನ್ ಸೇರಿದಾಗಂತೂ ಬರೋದು ಹೆಚ್ಚಾಗಿ ಪಯಾನ್ ಅನ್ನೋ ಬೇರೆ ಕಣಗಳು. ಅವಕ್ಕೆ ದ್ರವ್ಯರಾಶಿನೂ ಇದೆ. ಸಿನಿಮಾದವರು ಇದನ್ನ ಹೇಳೋದಿಲ್ಲ.

ಕೊಲೈಡರ್ ಕಾಕಾ:
ತಡವಾಗಿ ಬಂದೆ. ನನಗೆ ಸಿಟ್ಟು ಬರೋದು ಇನ್ನೊಂದು ಕಥೆಗೆ. ಜಿನೀವಾ ಹತ್ತಿರ 27 ಕಿಲೋಮೀಟರ್ ಸುರಂಗದಲ್ಲಿ 1989ರಿಂದ 2000ದವರೆಗೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳನ್ನ ಡಿಕ್ಕಿ ಹೊಡೆಸಿದರಲ್ಲ, ಅಲ್ಲಿ “ಎರಡೂ ಶುದ್ಧ ಶಕ್ತಿಯಾಗಿ, ಆಮೇಲೆ ಆ ಶಕ್ತಿ ಗಟ್ಟಿಯಾಗಿ ಹೊಸ ಕಣ ಆಗುತ್ತೆ” ಅಂತ ಬರೀತಾರೆ, ತುಪ್ಪ ಹೆಪ್ಪುಗಟ್ಟಿದ ಹಾಗೆ. ನಿಜ ಏನು ಅಂದರೆ, ಒಟ್ಟು ಶಕ್ತಿ 91 ಗಿಗಾ ಎಲೆಕ್ಟ್ರಾನ್ ವೋಲ್ಟ್ ಆಸುಪಾಸು ಬಂದಾಗ ಘಟನೆಗಳ ಸಂಖ್ಯೆ ಗುಡ್ಡದ ಹಾಗೆ ಏರಿ ಮತ್ತೆ ಇಳಿಯುತ್ತೆ. ಯಾಕೆಂದರೆ ಮಧ್ಯೆ ಹುಟ್ಟೋದು ಝಡ್ ಬೋಸಾನ್ ಅನ್ನೋ ಭಾರದ, ಕ್ಷಣದಲ್ಲೇ ಒಡೆಯೋ ಕಣ. ಅದರ ಸ್ಪಿನ್ ಒಂದು, ಮತ್ತು ಅದು ಒಡೆದಾಗ ಹೊರಬರೋ ಮ್ಯುಯಾನ್‌ಗಳು (ಎಲೆಕ್ಟ್ರಾನಿನ ಭಾರದ ಅಣ್ಣಂದಿರು) ಯಾವ ಕೋನಕ್ಕೆ ಎಷ್ಟು ಹೋಗುತ್ತವೆ ಅನ್ನೋದರಲ್ಲಿ ಆ ಸ್ಪಿನ್ ಕಾಣುತ್ತೆ. ಶುದ್ಧ ಶಕ್ತಿಗೆ ಯಾವ ಸ್ಪಿನ್ನು, ಯಾವ ಗುಡ್ಡ?

ಸುಮ್ನೆ ಕೇಳ್ದೆ:
ಕಾಕಾ, ಕೊನೇದು ಒಂದು. ಪೆಟ್ ಸ್ಕ್ಯಾನಲ್ಲಿ ಎಲೆಕ್ಟ್ರಾನಿನ ದ್ರವ್ಯರಾಶಿಯಾದರೂ ಹೋಯಿತಲ್ಲ?

ಕೊಲೈಡರ್ ಕಾಕಾ:
ಒಂದೊಂದೇ ಫೋಟಾನ್ ನೋಡಿದರೆ ಸೊನ್ನೆ. ಜೋಡಿಯ ದ್ರವ್ಯರಾಶಿಯನ್ನ ಒಟ್ಟಿಗೆ ಲೆಕ್ಕ ಹಾಕಿ, ಶಕ್ತಿಯ ಮಾನದಲ್ಲಿ ಅದೇ 1022. ಒಳಗೆಲ್ಲ ಕನ್ನಡಿ ಇರೋ ಡಬ್ಬಿಯಲ್ಲಿ ಆ ಎರಡನ್ನೂ ಹಿಡಿದಿಡೋಕೆ ಆಗಿದ್ದರೆ ಡಬ್ಬಿ ತೂಕ ಕೂದಲೆಳೆಯಷ್ಟೂ ಇಳಿಯೋದಿಲ್ಲ.

ಪಿಯುಸಿ ಮೇಷ್ಟ್ರು:
ಸರಿ, ಸೋಮವಾರ ಬೋರ್ಡ್ ಮೇಲೆ “ಎರಡು ಫೋಟಾನ್” ಅಂತಲೇ ಬರೀತೇನೆ. ಅವಳು ಎದ್ದು “ಎರಡೇ ಯಾಕೆ ಸಾರ್” ಅನ್ನೋದು ಗ್ಯಾರಂಟಿ.

ರಾತ್ರಿಪಾಳಿ ರಮ್ಯಾ:
ಒಮ್ಮೊಮ್ಮೆ ಮೂರೂ ಬರುತ್ತೆ ಸಾರ್. ಅದನ್ನೂ ಓದಿಕೊಂಡು ಹೋಗಿ.