ಚದುರಂಗದಲ್ಲಿ ಎಂಟು ತಿಂಗಳಿಂದ 1600 ರೇಟಿಂಗ್‌ನ ಆಸುಪಾಸಿನಲ್ಲೇ ನಿಂತಿದ್ದೇನೆ: ಆಟದ ಶೈಲಿಯನ್ನೇ ಬದಲಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಚಿಕ್ಕಂದಿನಲ್ಲಿ ಅಜ್ಜನಿಂದ ಕಲಿತಿದ್ದ ಚದುರಂಗವನ್ನು ಇಪ್ಪತ್ತು ವರ್ಷ ಮುಟ್ಟದೇ ಇದ್ದು, ಎರಡು ವರ್ಷದ ಹಿಂದೆ ಲಿಚೆಸ್ ಎಂಬ ಆನ್‌ಲೈನ್ ಚದುರಂಗ ತಾಣದಲ್ಲಿ ಖಾತೆ ತೆರೆದು ಮತ್ತೆ ಆಡಲು ಶುರು ಮಾಡಿದೆ. ರಾತ್ರಿ ಊಟವಾದ ಮೇಲೆ ಎಂಟು ಹತ್ತು ಬ್ಲಿಟ್ಜ್ (ವೇಗದ) ಆಟಗಳನ್ನು ಆಡುತ್ತೇನೆ, ಎಲ್ಲವೂ ಇನ್‌ಕ್ರಿಮೆಂಟ್, ಅಂದರೆ ನಡೆಗೊಮ್ಮೆ ಸೇರುವ ಹೆಚ್ಚುವರಿ ಸೆಕೆಂಡು, ಇಲ್ಲದ ಐದು ನಿಮಿಷದವು. 1250ಕ್ಕೆ ಇಳಿದಿದ್ದ ರೇಟಿಂಗ್ (ಆಟದ ಮಟ್ಟ ತೋರಿಸುವ ಅಂಕ) ಒಂದು ವರ್ಷದಲ್ಲಿ 1600 ಮುಟ್ಟಿತು, ಆಮೇಲೆ ಅಲ್ಲೇ ನಿಂತುಬಿಟ್ಟಿದೆ.

ನನ್ನದು ದಾಳಿಯ ಆಟ. ಬಿಳಿ ಕಾಯಿ ಸಿಕ್ಕರೆ ರಾಜನ ಮುಂದಿನ ಕಾಲಾಳನ್ನು ಇ4ಕ್ಕೆ (ಅಕ್ಷರ ಹಲಗೆಯ ಉದ್ದದ ಕಂಬ, ಅಂಕಿ ಅಡ್ಡಸಾಲು) ನಡೆಸಿ, ಕುದುರೆಯನ್ನು ಎಫ್3ಕ್ಕೂ ಒಂಟೆಯನ್ನು ಸಿ4ಕ್ಕೂ ತರುತ್ತೇನೆ. ಎದುರಾಳಿ ಎರಡನೆಯ ಕುದುರೆಯನ್ನು ಎಫ್6ಕ್ಕೆ ಇಟ್ಟ ಕೂಡಲೇ ನನ್ನ ಕುದುರೆ ಜಿ5ಕ್ಕೆ ಹಾರುತ್ತದೆ. ಅವರು ಡಿ5 ಆಡಿ, ನಾನು ಹೊಡೆದು, ಅವರು ಕುದುರೆಯಿಂದ ಹೊಡೆದರೆ, ಎಫ್7ರಲ್ಲಿ ನನ್ನ ಕುದುರೆಯನ್ನು ಬಲಿಕೊಟ್ಟು ಅವರ ರಾಜನನ್ನು ಹಲಗೆಯ ನಡುವಿಗೆ ಎಳೆಯುವುದರಲ್ಲಿ ಸಿಗುವ ಸಂತೋಷವನ್ನು ಹೇಳಲಾರೆ. ಆದರೆ ಈಗ ಎದುರಾಗುವವರು ಹಾಗೆ ಹೊಡೆಯದೆ ತಮ್ಮ ಇನ್ನೊಂದು ಕುದುರೆಯನ್ನು ಎ5ಕ್ಕೆ ತಂದು ನನ್ನ ಒಂಟೆಯನ್ನು ಬೆದರಿಸುತ್ತಾರೆ. ಅಲ್ಲಿಂದ ಮುಂದೆ ಒಂದು ಕಾಲಾಳು ಹೆಚ್ಚಿದ್ದರೂ ನನ್ನ ಕಾಯಿಗಳು ಹಿಂದೆ ಸರಿಯುತ್ತಲೇ ಹೋಗುತ್ತವೆ.

ಎಂಡ್‌ಗೇಮ್, ಅಂದರೆ ಕಾಯಿಗಳು ಕೆಲವೇ ಉಳಿದ ಕೊನೆಯ ಹಂತ, ಕೂಡ ಕೈಕೊಡುತ್ತಿದೆ. ಕಳೆದ ವಾರ ನನ್ನ ರಾಜ ಡಿ4ರಲ್ಲಿ, ಕಾಲಾಳು ಇ2ರಲ್ಲಿ, ಎದುರಾಳಿಯ ರಾಜ ಮಾತ್ರ ಡಿ6ರಲ್ಲಿ, ನಡೆ ನನ್ನದು. ಗೆದ್ದೆನೆಂದುಕೊಂಡು ಕಾಲಾಳನ್ನು ಮುಂದೆ ನೂಕಿದೆ, ಆಟ ಡ್ರಾ ಆಯಿತು. ನಾನು ಶೈಲಿಯನ್ನೇ ಬದಲಿಸಬೇಕೇ, ಅಥವಾ ಇನ್ನೇನಾದರೂ ಕಲಿಯಬೇಕೇ?

ಉತ್ತರ 1

ನೀವು ಕೊಟ್ಟ ಆ ಕೊನೆಯ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿ ನೋಡಿದೆ. ನೀವು ಬಹುಶಃ ಕಾಲಾಳನ್ನು ಎರಡು ಮನೆ ನಡೆಸಿರಬೇಕು. ಹಾಗಿದ್ದರೆ ಎದುರಾಳಿ ರಾಜನನ್ನು ಇ6ಕ್ಕೆ ತಂದ ಕೂಡಲೇ ಗೆಲುವು ಕೈತಪ್ಪಿತು. ಒಂದೇ ಮನೆ, ಅಂದರೆ ಇ3ಕ್ಕೆ ನಡೆಸಿದ್ದರೆ, ಅವರ ರಾಜ ಇ6ಕ್ಕೆ ಬಂದಾಗ ನಿಮ್ಮ ರಾಜ ಇ4ಕ್ಕೆ ಬಂದು ಎದುರುಬದುರಾಗಿ ನಿಲ್ಲುತ್ತಿತ್ತು. ನಡೆ ಅವರದಾಗಿರುವುದರಿಂದ ಅವರೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕಾಗುತ್ತಿತ್ತು. ಇದನ್ನೇ ಅಪೊಸಿಷನ್ ಎನ್ನುತ್ತಾರೆ. ರಾಜ ಮುಂದೆ ಹೋಗಬೇಕು, ಕಾಲಾಳು ಹಿಂದೆ ಬರಬೇಕು, ಕಾಲಾಳಿನ ಒಂದು ನಡೆಯನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು.

ಇಲ್ಲಿ ಕೊರತೆ ಇರುವುದು ಶೈಲಿಯಲ್ಲಿ ಅಲ್ಲ, ತಿಳಿವಳಿಕೆಯಲ್ಲಿ, ಮತ್ತು ಸಮಯದಲ್ಲಿ. ಗಡಿಯಾರದಲ್ಲಿ ಹನ್ನೆರಡು ಸೆಕೆಂಡು ಉಳಿದಾಗ ಯಾರಿಗೂ ಇ3 ಹೊಳೆಯುವುದಿಲ್ಲ. ಹದಿನೈದು ನಿಮಿಷ, ನಡೆಗೆ ಹತ್ತು ಸೆಕೆಂಡು ಸೇರುವ ಆಟವನ್ನು ದಿನಕ್ಕೆ ಒಂದೇ ಒಂದು ಆಡಿ. ಮುಗಿದ ಮೇಲೆ ಸ್ಟಾಕ್‌ಫಿಶ್ (ನಡೆಗಳನ್ನು ಲೆಕ್ಕ ಹಾಕುವ ಚದುರಂಗದ ಎಂಜಿನ್) ತೆರೆಯುವ ಮುನ್ನ, ಎಲ್ಲಿ ತಪ್ಪಿತೆಂದು ನಿಮಗನಿಸಿದ್ದನ್ನು ಮೂರು ಸಾಲಿನಲ್ಲಿ ಬರೆದಿಡಿ. ಆಮೇಲೆ ಎಂಜಿನ್ ತೋರಿಸುವುದರೊಂದಿಗೆ ಹೋಲಿಸಿ ನೋಡಿ.

ಉತ್ತರ 2

ಎ5ರ ನಂತರದ ನಡೆಗಳ ಸಾಲನ್ನು ಎಣಿಸಿ ನೋಡಿದರೆ ನಿಮ್ಮ ತೊಂದರೆ ಕಣ್ಣಿಗೇ ಕಾಣುತ್ತದೆ. ಒಂಟೆ ಬಿ5ರಿಂದ ಚೆಕ್ ಕೊಡುತ್ತದೆ, ಕಪ್ಪು ಸಿ6 ಆಡುತ್ತಾರೆ, ಕಾಲಾಳುಗಳು ಹೊಡೆದಾಡುತ್ತವೆ, ಒಂಟೆ ಇ2ಕ್ಕೆ ಹಿಂದಿರುಗುತ್ತದೆ, ಎಚ್6 ನಿಮ್ಮ ಕುದುರೆಯನ್ನು ಎಫ್3ಕ್ಕೆ ಓಡಿಸುತ್ತದೆ, ಇ4 ಅದನ್ನು ಮತ್ತೆ ಇ5ಕ್ಕೆ ಓಡಿಸುತ್ತದೆ. ಆ ಹೊತ್ತಿಗೆ ನೀವು ಆಡಿದ ಹತ್ತು ನಡೆಗಳಲ್ಲಿ ನಾಲ್ಕು ಒಂದೇ ಕುದುರೆಯವು, ಮೂರು ಒಂದೇ ಒಂಟೆಯವು, ಮೂರು ಕಾಲಾಳಿನವು. ಉಳಿದ ಕಾಯಿಗಳೆಲ್ಲ ಇನ್ನೂ ಮನೆಯಲ್ಲೇ ಕೂತಿವೆ, ಕ್ಯಾಸ್ಲಿಂಗ್ (ರಾಜನನ್ನು ಆನೆಯ ಜೊತೆ ಪಕ್ಕಕ್ಕೆ ಸರಿಸುವ ನಡೆ) ಆಗಿಲ್ಲ. ದಾಳಿಗಾರನೆಂದು ಕರೆದುಕೊಳ್ಳುವ ನೀವು ಅಲ್ಲಿ ಒಂದು ಕಾಲಾಳನ್ನು ಕಾಯುವ ಆಟಗಾರನಾಗಿಬಿಟ್ಟಿದ್ದೀರಿ.

ನಾಲ್ಕನೆಯ ನಡೆಯಲ್ಲಿ ಜಿ5ಕ್ಕೆ ಹಾರದೆ ಕಾಲಾಳನ್ನು ಡಿ3ಕ್ಕೆ ಇಟ್ಟು ನೋಡಿ. ಇಟಾಲಿಯನ್ನರು ಇದಕ್ಕೆ ಬಹಳ ಮೆಲ್ಲನೆಯ ಆಟ ಎಂಬ ಅರ್ಥ ಬರುವ ಹೆಸರಿಟ್ಟಿದ್ದಾರೆ. ಕ್ಯಾಸ್ಲಿಂಗ್ ಮಾಡಿ, ಸಿ3 ಆಡಿ, ಆನೆಯನ್ನು ಇ1ಕ್ಕೆ ತಂದು, ಬಿ1ರ ಕುದುರೆಯನ್ನು ಡಿ2, ಎಫ್1ರ ಮೂಲಕ ಜಿ3ಕ್ಕೆ ನಡೆಸಿದರೆ, ಎದುರಾಳಿಯ ರಾಜನ ಮೇಲೆ ದಾಳಿ ಆಗಲೂ ಬರುತ್ತದೆ. ತಡವಾಗಿ ಬಂದರೂ ಹಿಂದೆ ಸೈನ್ಯವಿರುತ್ತದೆ.

ಉತ್ತರ 3

ಮೇಲಿನವರ ಎಣಿಕೆ ಸರಿ, ಆದರೆ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆ ಹೆಚ್ಚುವರಿ ಕಾಲಾಳು ನಿಜವಾದ ಕಾಲಾಳು. ಅಮೆರಿಕದ ಬಾಬಿ ಫಿಶರ್ 1963ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಬಿಸ್ಗಯರ್ ವಿರುದ್ಧ ಇದೇ ಸಾಲನ್ನು ಆಡಿ, ಒಂಬತ್ತನೆಯ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ಬದಲು ಎಚ್3ರ ಅಂಚಿಗೆ ಇಟ್ಟು ಗೆದ್ದರು. ಅದಕ್ಕೂ ಬಹಳ ಹಿಂದೆ ಮೊದಲ ವಿಶ್ವ ಚಾಂಪಿಯನ್ ಸ್ಟೈನಿಟ್ಸ್ ಇಷ್ಟಪಟ್ಟಿದ್ದ ನಡೆ ಅದು. ಎರಡು ವರ್ಷ ಆಡಿ ಒಗ್ಗಿಸಿಕೊಂಡ ಓಪನಿಂಗನ್ನು (ಆರಂಭದ ನಡೆಗಳ ಕ್ರಮವನ್ನು) ಎದುರಾಳಿಗಳಿಗೆ ಒಂದು ಉತ್ತರ ಗೊತ್ತಾಯಿತೆಂದು ಬಿಟ್ಟರೆ, ಮುಂದಿನ ಓಪನಿಂಗನ್ನೂ ಹಾಗೇ ಬಿಡಬೇಕಾಗುತ್ತದೆ. ಸೋತ ಹತ್ತು ಆಟಗಳನ್ನು ತೆಗೆದು, ಎ5 ಆದ ಮೇಲೆ ನಿಮ್ಮ ಮೊದಲ ತಪ್ಪು ಯಾವ ನಡೆಯಲ್ಲಿ ಬಂತೆಂದು ನೋಡಿ. ಅದು ಓಪನಿಂಗ್‌ನಲ್ಲಿ ಬಂದಿರದೆ, ಸಿಟ್ಟಿನಿಂದ ಇನ್ನೊಂದು ಬಲಿ ಕೊಡಲು ಹೋದಲ್ಲಿ ಬಂದಿರಬಹುದೆಂದು ನನಗನಿಸುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಸಾರೆ ಧನ್ಯವಾದಗಳು. ಹೌದು, ಎರಡು ಮನೆಯೇ ನಡೆಸಿದ್ದೆ. ನಿನ್ನೆ ರಾತ್ರಿ ಮಗಳನ್ನು ಕಪ್ಪು ರಾಜನ ಕಡೆ ಕೂರಿಸಿಕೊಂಡು ಅದೇ ಸ್ಥಿತಿಯನ್ನು ಇ3ಯಿಂದ ಆರು ಸಲ ಆಡಿದೆ. ಎರಡು ಸಲ ಆತುರದಲ್ಲಿ ಮತ್ತೆ ಡ್ರಾ ಮಾಡಿಕೊಂಡೆ, ನಾಲ್ಕು ಸಲ ಕಾಲಾಳು ಮಂತ್ರಿಯಾಯಿತು.

ಸೋತ ಹತ್ತು ಆಟಗಳನ್ನೂ ತೆರೆದು ನೋಡಿದೆ. ಏಳರಲ್ಲಿ ಹನ್ನೊಂದನೆಯ ನಡೆಯವರೆಗೂ ಸ್ಥಿತಿ ಹೆಚ್ಚುಕಡಿಮೆ ಸಮವಾಗಿಯೇ ಇತ್ತು, ಆಮೇಲೆ ನಾನೇ ಕ್ಯಾಸ್ಲಿಂಗ್ ಮಾಡುವ ಮುನ್ನ ಮಂತ್ರಿಯನ್ನು ಹೊರಗೆ ತಂದು ಕೆಡಿಸಿಕೊಂಡಿದ್ದೇನೆ. ಆದ್ದರಿಂದ ಈ ತಿಂಗಳು ಜಿ5ರ ನಡೆಯನ್ನು ಬಿಡದೆ, ಹದಿನೈದು ನಿಮಿಷದ ಆಟದಲ್ಲೇ ಆಡುತ್ತೇನೆ. ಒಂದು ಸಂದೇಹ ಉಳಿದಿದೆ: ಕುದುರೆಯನ್ನು ಎಚ್3ರಲ್ಲಿ ಇಟ್ಟಾಗ ಕಪ್ಪು ತಮ್ಮ ಸಿ8ರ ಒಂಟೆಯಿಂದ ಅದನ್ನು ಹೊಡೆದು ನನ್ನ ರಾಜನ ಕಡೆಯ ಕಾಲಾಳುಗಳನ್ನು ಒಡೆದರೆ, ಕ್ಯಾಸ್ಲಿಂಗ್ ಯಾವ ಕಡೆಗೆ ಮಾಡುವುದು ಒಳ್ಳೆಯದು?