ಅವ್ವನ ಕೌದಿ ಹಾಲ್‌ನ ಗೋಡೆಗೆ

ಗುಂಪು: ಧಾರವಾಡದ ಮನೆ ಮಂದಿ
ಶನಿವಾರ

ಪಲ್ಲವಿ, ಸಂಜೆ 6:12
(ಫೋಟೊ)
ಕೊನೆಗೂ ನಮ್ಮ ಹಾಲ್ ಸಿದ್ಧವಾಯಿತು! ಬೋಹೋ ಸ್ಟೈಲ್. ಬೆತ್ತದ ಕುರ್ಚಿ, ನೆಲಕ್ಕೆ ಗಾದಿ, ಮನಿಪ್ಲಾಂಟ್, ಗೋಡೆಗೆ ಅಜ್ಜಿ ಹಳೇ ಸೀರೆಗಳಿಂದ ಹೊಲಿದ ಕೌದಿ. ಹೇಗಿದೆ ಹೇಳಿ.

ಸುಧಾ
ಚೆಂದ ಆಗಿದೆ ಪುಟ್ಟಾ. ಕೌದಿ ನೋಡಿ ಅವ್ವನೇ ಬಂದು ನಿಂತಂತಾಯಿತು.

ವೈನಿ
ಗಿಡ ಚೆನ್ನಾಗಿವೆ. ಬುಟ್ಟಿಯ ಒಳಗೆ ತಟ್ಟೆ ಇಟ್ಟಿದ್ದೀಯಾ? ನೀರು ಸೋರಿದರೆ ಬೆತ್ತ ಕಪ್ಪಾಗುತ್ತದೆ.

ಗಿರೀಶ ಅಣ್ಣ, 6:40
ಕೌದಿ ಗೋಡೆ ಮೇಲೆ ಯಾಕೆ? ಅದು ಹೊದೆಯುವುದಕ್ಕೆ ಹೊಲಿದದ್ದು. ಫೋಟೊ ದೊಡ್ಡದು ಮಾಡಿ ನೋಡಿದೆ. ನಾಲ್ಕು ಮೂಲೆಗೂ ಮೊಳೆ! ಮೊಳೆ ಹೊಡೆಯಲು ಕೈ ಹೇಗೆ ಬಂತು?

ಪಲ್ಲವಿ
ಮಾಮಾ, ಇಲ್ಲಿ ಅಷ್ಟು ಚಳಿ ಇಲ್ಲ. ಎರಡು ವರ್ಷ ಕಪಾಟಿನಲ್ಲೇ ಇತ್ತು. ಈಗ ದಿನಾ ಕಣ್ಣಿಗೆ ಬೀಳುತ್ತದೆ. ಅದೇ ಒಳ್ಳೆಯದಲ್ವಾ?

ಪ್ರಮೋದ, 6:52
ಈ ಬೋಹೋ ಅನ್ನುವುದೇ ಹೊರದೇಶದ ಫ್ಯಾಶನ್. ನಮ್ಮ ಪುಣೆಯ ಅಪಾರ್ಟ್‌ಮೆಂಟ್‌ನಲ್ಲಿ ಮೂರು ಮನೆಯವರು ಮಾಡಿಸಿದ್ದಾರೆ. ಮೂರರಲ್ಲೂ ಅದೇ ಒಣಹುಲ್ಲು, ಅದೇ ದಾರದ ತೋರಣ, ಅದೇ ಬೆತ್ತದ ದೀಪ. ಸುಮ್ನೆ ದುಡ್ಡು ಹಾಳು.

ಪಲ್ಲವಿ
ನಾನು ಕೊಂಡದ್ದು ಕುರ್ಚಿ ಒಂದೇ ಪ್ರಮೋದ ಅಣ್ಣ. ಉಳಿದದ್ದೆಲ್ಲ ಮನೆಯದೇ. ಈಗ ಈ ಲಿಂಕ್ ನೋಡಿ. ಹಳೇ ಕ್ವಿಲ್ಟ್ ಕತ್ತರಿಸಿ ಕುಶನ್ ಕವರ್ ಮಾಡಿದ್ದಾರೆ. ಕೌದಿಯ ಒಂದು ಅಂಚು ಹೇಗೂ ಪಿಸಿದಿದೆ. ಅರ್ಧ ಗೋಡೆಗೆ ಇಟ್ಟುಕೊಂಡರೆ ಇನ್ನರ್ಧದಲ್ಲಿ ನಾಲ್ಕು ಕುಶನ್ ಆಗುತ್ತವೆ.

ಗಿರೀಶ ಅಣ್ಣ, 7:03
ಕತ್ತರಿ ಮುಟ್ಟಿಸಬೇಡ. ನಾಳೆಯೇ ಬಸ್ ಹತ್ತಿ ಬಂದು ತೆಗೆದುಕೊಂಡು ಹೋಗುತ್ತೇನೆ.

ಪಲ್ಲವಿ
ಅಜ್ಜಿ ನನಗೆ ಕೊಟ್ಟದ್ದು ಮಾಮಾ.

ಗಿರೀಶ ಅಣ್ಣ
ನಿನ್ನ ಕೈಗೆ ಕೊಟ್ಟಳು, ನಿಜ. ಆದರೆ ಅದರಲ್ಲಿ ಈ ಮನೆಯ ಎಲ್ಲರ ಬಟ್ಟೆ ಇದೆ.

ಸುಧಾ
ಅಣ್ಣಾ, ಹುಡುಗಿ ಖುಷಿಯಿಂದ ಫೋಟೊ ಹಾಕಿದ್ದಾಳೆ. ಸ್ವಲ್ಪ ಸಮಾಧಾನದಿಂದ ಹೇಳು.

ನಾನು, 7:30
ಈಗಷ್ಟೇ ಅಡುಗೆಮನೆ ಕೆಲಸ ಮುಗಿಸಿ ಎಲ್ಲ ಓದಿದೆ. ಪಲ್ಲವಿ, ನಿನ್ನ ಹಾಲ್ ನನಗೆ ತುಂಬಾ ಇಷ್ಟವಾಯಿತು. ಗೋಡೆಗೆ ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಕತ್ತರಿಸುವುದಕ್ಕೆ ಇದೆ.

ಆ ಕೌದಿ ಹೊಲಿದದ್ದು 1988ರ ಬೇಸಿಗೆಯಲ್ಲಿ. ನಾನು ಆಗ ಎಂಟನೇ ಇಯತ್ತೆ. ಊಟವಾದ ಮೇಲೆ ಅವ್ವ ಪಡಸಾಲೆಯಲ್ಲಿ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸುತ್ತಿದ್ದಳು. ಮೇಲೆ ತುಂಡುಗಳನ್ನು ಇಟ್ಟು, ಅಂಚಿನಿಂದ ಶುರು ಮಾಡಿ ಸುತ್ತ ಸುತ್ತುತ್ತ ಒಳಕ್ಕೆ ಹೊಲಿಯುತ್ತಿದ್ದಳು. ಬೆರಳಿಗೆ ಚಿಂದಿ ಸುತ್ತಿಕೊಂಡು, ಸೂಜಿಯನ್ನು ಎಲ್ಲ ಪದರ ದಾಟಿಸಿ. ಎರಡು ತಿಂಗಳು ಹಿಡಿಯಿತು. ಒಂದು ಬದಿಯನ್ನು ನನಗೆ ಬಿಟ್ಟಿದ್ದಳು. ಅವಳ ಹೊಲಿಗೆ ಅಕ್ಕಿಕಾಳಿನಷ್ಟು, ನನ್ನದು ಹುಣಸೆ ಬೀಜದಷ್ಟು. ಬಿಚ್ಚು ಅಂತ ಒಂದು ದಿನವೂ ಹೇಳಲಿಲ್ಲ. ಈಗ ಎದ್ದು ಹೋಗಿ ನೋಡು, ಬಲಗಡೆ ಅಂಚಿನಲ್ಲಿ ಎರಡು ಗೇಣು ಉದ್ದಕ್ಕೆ ಆ ದೊಡ್ಡ ಹೊಲಿಗೆ ಸಿಗುತ್ತದೆ.

ಹೊಲಿಗೆ ಸುತ್ತಿಕೊಂಡು ಹೋಗಿರುವುದರಿಂದ ನಡುವೆ ಕತ್ತರಿ ಹಾಕಿದರೆ ಪ್ರತಿ ಸುತ್ತಿನ ದಾರವೂ ಎರಡೆರಡು ಕಡೆ ತುಂಡಾಗುತ್ತದೆ. ನಾಲ್ಕು ಸಲ ಒಗೆದರೆ ಪದರಗಳು ಬಿಟ್ಟುಕೊಂಡು, ಒಳಗಿನ ಹಳೇ ಸೀರೆ ಚಿಂದಿಯಾಗಿ ಹೊರಗೆ ಬರುತ್ತದೆ. ಅಂಗಡಿಯ ಕ್ವಿಲ್ಟ್‌ನ ಮೇಲ್ಬಟ್ಟೆ ಹೊಸದು, ಅದು ತಡೆದೀತು. ಇದರ ಬಟ್ಟೆಗಳು ಹತ್ತಿಪ್ಪತ್ತು ವರ್ಷ ಉಟ್ಟು ಸವೆದವು. ಹೊಲಿಗೆಯೇ ಇದರ ಜೀವ.

ಪಲ್ಲವಿ, 7:38
(ಫೋಟೊ)
ಸಿಕ್ಕಿತು ದೊಡ್ಡವ್ವ!! ಇದೇ ಅಲ್ವಾ? ಇಷ್ಟು ದಿನ ಇದನ್ನು ಗಮನಿಸಿಯೇ ಇರಲಿಲ್ಲ. ನಡುವೆ ಇರುವ ಕೆಂಪು ಯಾವುದು?

ನಾನು
ಅವ್ವನ ಇಳಕಲ್ ಸೀರೆಯದು. ತೋಪತೆನಿ ಸೆರಗು. ಕೆಂಪಿನೊಳಗೆ ಬಿಳಿ ಕೋಟೆಯ ಗೋಡೆಯಂಥ ಚಿತ್ರ ಕಾಣುತ್ತದಲ್ಲ, ಅದೇ. ಒಡಲು ಹರಿದ ಮೇಲೂ ಸೆರಗು ಗಟ್ಟಿ ಇತ್ತು. ಅದಕ್ಕೇ ನಡುವೆ ಇಟ್ಟಳು.

ವೈನಿ, 7:45
ನನ್ನ ತವರು ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳೂ ಹೀಗೆಯೇ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ಅವರು ಅದಕ್ಕೆ ಕವಂದಿ ಅನ್ನುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಫುಲ ಅಂತ ಹೂವಿನ ಹಾಗೆ ಇಡುತ್ತಾರೆ. ಫುಲ ಇಲ್ಲದ ಕವಂದಿ ಬೆತ್ತಲೆ ಇದ್ದಂತೆ ಅನ್ನುವುದು ಅವರ ಮಾತು. ಪಲ್ಲವಿ ಮೊಳೆ ಹೊಡೆದದ್ದು ಸರಿಯಾಗಿ ಆ ಜಾಗಕ್ಕೇ.

ಪ್ರಮೋದ, 7:50
ಅತ್ತೆ, ಎಲ್ಲ ಒಪ್ಪಿದೆ. ಆದರೆ ಅದನ್ನು ಬೋಹೋ ಅಂತ ಯಾಕೆ ಕರೆಯಬೇಕು? ನಮ್ಮದು ಅಂತ ಹೇಳಿದರೆ ಆಗುವುದಿಲ್ಲವೇ?

ನಾನು, 8:05
ಪ್ರಮೋದ, ಆ ಹೆಸರಿನ ಕಥೆ ಕೇಳು. ಬೋಹೋ ಅಂದರೆ ಬೊಹೀಮಿಯನ್ ಅನ್ನುವುದನ್ನು ಮೊಟಕು ಮಾಡಿದ್ದು. ಬೊಹೀಮಿಯಾ ಅನ್ನುವುದು ಈಗಿನ ಚೆಕ್ ದೇಶದ ಒಂದು ಭಾಗ. ಊರೂರು ಅಲೆಯುತ್ತಿದ್ದ ರೋಮಾ ಜನ ಅಲ್ಲಿಂದ ಬಂದವರು ಅಂದುಕೊಂಡು ಫ್ರೆಂಚರು ಅವರನ್ನು ಬೊಹೀಮಿಯನ್ನರು ಅಂತ ಕರೆದರು. ಆಮೇಲೆ 19ನೇ ಶತಮಾನದಲ್ಲಿ ಪ್ಯಾರಿಸ್‌ನ ಬಡ ಚಿತ್ರಕಾರರಿಗೆ, ಬರಹಗಾರರಿಗೆ ಅದೇ ಹೆಸರು ಅಂಟಿತು. ಅವರ ಕೋಣೆಯಲ್ಲಿ ಒಂದಕ್ಕೊಂದು ಹೊಂದುವ ಸಾಮಾನು ಇರಲಿಲ್ಲ. ಜೋಡಿ ಸಾಮಾನು ಕೊಳ್ಳಲು ಹಣವೇ ಇರಲಿಲ್ಲ. ಸಿಕ್ಕ ಹಳೆಯ ಬಟ್ಟೆ, ಹಳೆಯ ಕುರ್ಚಿ, ಅಷ್ಟೇ.

ಆ ರೋಮಾ ಜನರ ಹಿರಿಯರು ಬೊಹೀಮಿಯಾದವರೇ ಅಲ್ಲ. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ದೇಶದ ವಾಯವ್ಯ ಭಾಗದಿಂದ ಹೊರಟವರು. ಅವರ ಮಾತಿನಲ್ಲಿ ಒಂದು, ಎರಡು, ಮೂರಕ್ಕೆ ಯೆಕ್, ದೂಯಿ, ತ್ರಿನ್ ಅನ್ನುತ್ತಾರೆ. ಐದಕ್ಕೆ ಪಾಂಜ್. ನೀರಿಗೆ ಪಾನಿ. ಇದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಎಷ್ಟು ದೇಶದವರು ಓಡಿಸಿದರೂ ನೀರಿನ ಹೆಸರು ಬಿಡಲಿಲ್ಲ.

ಹಾಗಾಗಿ ಹೆಸರಿನ ಮೇಲೆ ಸಿಟ್ಟು ಬೇಡ. ಒಂದೇ ಅಂಗಡಿಯಿಂದ ಹನ್ನೆರಡು ಸಾಮಾನು ಒಟ್ಟಿಗೆ ತಂದು ಜೋಡಿಸುವುದು ನನಗೂ ಸೇರುವುದಿಲ್ಲ, ಅಲ್ಲಿ ನೀನು ಹೇಳಿದ್ದು ಸರಿ. ಆದರೆ ಪಲ್ಲವಿ ಹಾಗೆ ಮಾಡಿಲ್ಲ. ನಮ್ಮ ಪಡಸಾಲೆಯನ್ನು ನೆನಪು ಮಾಡಿಕೊ. ನೆಲಕ್ಕೆ ನವಲಗುಂದದ ಜಮಖಾನ, ಅದರ ಮೇಲೆ ಗಾದಿ, ಗೋಡೆಗೆ ಲೋಡು. ಬಂದವರು ಕಾಲು ಚಾಚಿ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಅವಳಿಗೆ ಬೇಕಾಗಿರುವುದು ಅಂಥ ಹಾಲ್.

ಗಿರೀಶ ಅಣ್ಣ, 8:14
ಆ ಜಮಖಾನ ನನ್ನ ಹತ್ತಿರ ಇದೆ. ನವಿಲು ಇರುವುದು. ಅದನ್ನು ನೇಯುವವರು ಅಲ್ಲಿಯ ಹೆಣ್ಣುಮಕ್ಕಳೇ, ಮನೆಯೊಳಗೇ ಮಗ್ಗ. ಈಗ ನೇಯುವ ಮನೆಗಳು ತೀರಾ ಕಡಿಮೆಯಾಗಿವೆ. ಅದು ಇರಲಿ. ಮೊಳೆಯ ಮಾತು ಮುಗಿದಿಲ್ಲ.

ನಾನು, 8:25
ಮೊಳೆಯಲ್ಲಿ ಅಣ್ಣನ ಮಾತೇ ನನ್ನ ಮಾತು. ಕೌದಿ ಮೂರು ಕಿಲೋ ಹತ್ತಿರ ತೂಗುತ್ತದೆ. ಅಷ್ಟೂ ಭಾರ ಮೇಲಿನ ಎರಡು ತೂತಿನ ಮೇಲೆ ಬಿದ್ದಿದೆ. ಮಳೆಗಾಲದ ಹೊತ್ತಿಗೆ ಆ ತೂತು ಹರಕಾಗುತ್ತದೆ. ಇವತ್ತೇ ಇಳಿಸು ಪಲ್ಲವಿ.

ಹೀಗೆ ಮಾಡೋಣ. ಹಿಂದುಗಡೆ ಮೇಲಂಚಿಗೆ ನಾಲ್ಕು ಇಂಚು ಅಗಲದ ಹತ್ತಿ ಪಟ್ಟಿಯನ್ನು ಕೈಯಿಂದ ಹೊಲಿಯಬೇಕು, ಪರದೆಗೆ ಕೋಲು ತೂರಿಸುವ ಜಾಗ ಮಾಡುತ್ತೇವಲ್ಲ ಹಾಗೆ. ಸೂಜಿ ಹಿಂದಿನ ಪದರವನ್ನು ಮಾತ್ರ ಹಿಡಿಯಬೇಕು. ಅದರೊಳಗೆ ಕೋಲು ಹಾಕಿದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಗೋಡೆಗೆ ಎರಡೇ ಕೊಕ್ಕೆ ಸಾಕು, ಮನೆ ಮಾಲೀಕರೂ ಬೈಯುವುದಿಲ್ಲ. ಮರದ ಕೋಲಾದರೆ ಬಿಳಿ ಬಟ್ಟೆ ಸುತ್ತಿಬಿಡು, ಮರದ ಕಲೆ ಹತ್ತುವುದಿಲ್ಲ.

ಜಾಗವನ್ನೂ ಬದಲಿಸು. ಫೋಟೊದಲ್ಲಿ ಸಂಜೆ ಬಿಸಿಲು ನೇರ ಆ ಕೆಂಪು ಸೆರಗಿನ ಮೇಲೆ ಬಿದ್ದಿದೆ. ವರ್ಷದೊಳಗೆ ಬಣ್ಣ ಇಳಿಯುತ್ತದೆ, ಇಳಿದ ಬಣ್ಣ ಮತ್ತೆ ಬರುವುದಿಲ್ಲ. ಕಿಟಕಿ ಇರುವ ಗೋಡೆಗೇ ಹಾಕು, ಬಿಸಿಲು ತಾಗುವುದಿಲ್ಲ. ಮತ್ತೆ ಆ ಬಿಳಿ ಬಲ್ಬು ತೆಗೆ. ಡಬ್ಬದ ಮೇಲೆ 6500 ಕೆಲ್ವಿನ್ ಅಂತ ಇರುತ್ತದೆ, ಆಸ್ಪತ್ರೆಯ ಬೆಳಕು ಅದು. 2700ರ ಹಳದಿ ಬೆಳಕಿನದು ತಂದು ಮೂಲೆಯಲ್ಲಿ ನೆಲದ ಹತ್ತಿರ ಇಡು. ಕೌದಿಯ ಹೊಲಿಗೆಯ ಉಬ್ಬು ತಗ್ಗು ಆಗ ಕಾಣುತ್ತದೆ.

ಪಲ್ಲವಿ, 8:31
ಇಳಿಸಿದೆ. ಒಂದು ಮೂಲೆ ಆಗಲೇ ಸ್ವಲ್ಪ ಹರಿದಿದೆ ದೊಡ್ಡವ್ವ. ಸಾರಿ ಮಾಮಾ. ನನಗೆ ಗೊತ್ತಾಗಲಿಲ್ಲ.

ಗಿರೀಶ ಅಣ್ಣ
ಆಯಿತು. ಅಳಬೇಡ.

ವೈನಿ
ಹರಿದಲ್ಲಿ ಒಂದು ಫುಲ ಇಟ್ಟು ಹೊಲಿದರಾಯಿತು. ನಾನು ಹೇಳಿಕೊಡುತ್ತೇನೆ.

ಪಲ್ಲವಿ
ಹಾಗಾದರೆ ಕುಶನ್‌ಗೆ ಏನು ಮಾಡಲಿ?

ಸುಧಾ, 8:40
ಖಣ! ನನ್ನ ಪೆಟ್ಟಿಗೆಯಲ್ಲೇ ಉಡಿ ತುಂಬಿದ ಗುಳೇದಗುಡ್ಡದ ಖಣ ಹದಿನೈದಾದರೂ ಇವೆ. ಕುಪ್ಪಸ ಹೊಲಿಸುವವರು ಯಾರು ಈಗ? ಒಂದೊಂದೂ ಒಂದೊಂದು ಬಣ್ಣ.

ನಾನು
ಸುಧಾ ಸರಿಯಾಗಿ ಹೇಳಿದಳು. ನನ್ನ ಹತ್ತಿರವೂ ಇವೆ, ಬಂದಾಗ ತರುತ್ತೇನೆ. ಜೋಡಿ ಹುಡುಕಬೇಡ ಪಲ್ಲವಿ, ಹಸಿರು, ಅರಿಶಿನ, ನೇರಳೆ ಎಲ್ಲ ಕೂಡಲಿ. ಇನ್ನೂ ಒಂದೆರಡು ಬೇಕಾದರೆ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯದು ತೆಗೆದುಕೊ. ಕನ್ನಡಿ, ಕವಡೆ ಹಾಕಿ ಮಾಡುತ್ತಾರೆ. ಒರಗುವ ದಿಂಬಿಗೆ ಕನ್ನಡಿ ಬೇಡ, ಚುಚ್ಚುತ್ತದೆ. ಬದಿಗೆ ಇಡುವುದಕ್ಕೆ ಸರಿ.

ಗಿರೀಶ ಅಣ್ಣ, 8:52
ನನ್ನದೊಂದು ಮಾತು ಇದೆ. ವರ್ಷವಿಡೀ ಗೋಡೆ ಮೇಲೆ ಬೇಡ. ದೀಪಾವಳಿಗೆ ಇಳಿಸಿ ಶಿವರಾತ್ರಿ ತನಕ ಹೊದೆಯಬೇಕು. ಆ ಮೇಲೆ ಒಗೆದು, ನೆರಳಲ್ಲಿ ಒಣಗಿಸಿ, ಬೇಕಾದರೆ ಗೋಡೆಗೆ ಹಾಕು.

ಪಲ್ಲವಿ
ಒಪ್ಪಿದೆ ಮಾಮಾ. ಹೊದೆಯುತ್ತೇನೆ.

ನಾನು
ಅದು ಬಟ್ಟೆಗೂ ಒಳ್ಳೆಯದು. ನಾಲ್ಕು ತಿಂಗಳು ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ.

ಪ್ರಮೋದ
ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಬಿಟ್ಟರೆ ಏನೂ ಇಲ್ಲ. ಅತ್ತೆ, ಒಂದು ನಾಲ್ಕು ಖಣ ನಮಗೂ ಎತ್ತಿಡಿ.

ಗಿರೀಶ ಅಣ್ಣ, 9:06
ಪಲ್ಲವಿ, ಮೇಲಂಚಿನ ಅಳತೆ ಕಳಿಸು. ಹಳೇ ಮನೆಯ ಪರದೆಯ ಸಾಗವಾನಿ ಕೋಲು ಅಟ್ಟದ ಮೇಲಿದೆ, ಕೊಯ್ಯಿಸಿ ಉಜ್ಜಿಸಿ ತರುತ್ತೇನೆ. ಜಮಖಾನವನ್ನೂ ತರುತ್ತೇನೆ. ನಮ್ಮಲ್ಲಿ ಈಗ ನೆಲದ ಮೇಲೆ ಕೂರುವವರು ಯಾರೂ ಇಲ್ಲ.

ಪಲ್ಲವಿ, 9:10
ಐದು ಅಡಿ ಎರಡು ಇಂಚು ಮಾಮಾ.

ಗಿರೀಶ ಅಣ್ಣ
ಆರು ಅಡಿ ಇಡಿಸುತ್ತೇನೆ. ಎರಡೂ ಕಡೆ ಹೊರಗೆ ಸ್ವಲ್ಪ ಬರಬೇಕು.